ತೊಮೆಕಿಚಿ ಕಾಣೆಯಾಗಿದ್ದಾನೆ

ಬಹಳ ಬಹಳ ಹಿಂದೆ, ಎಂದರೆ ಹೋದ ವರ್ಷ, ಸಮುದ್ರದಂಚಿನ ಒಂದೂರಿನಲ್ಲಿ ಒಬ್ಬ ಮುದುಕ, ಒಬ್ಬಳು ಮುದುಕಿ ಇದ್ದರು. ಇಂಥ ಕಥೆಗಳಲ್ಲಿ ಮುದುಕ ಸೌದೆ ತರಲು ಬೆಟ್ಟಕ್ಕೆ ಹೋಗಬೇಕು, ಮುದುಕಿ ಬಟ್ಟೆ ಒಗೆಯಲು ಹೊಳೆಗೆ ಹೋಗಬೇಕು. ಹೊಳೆಯಲ್ಲಿ ಏನಾದರೊಂದು ತೇಲಿಬಂದು ಇಬ್ಬರ ಬಾಳೂ ಬಂಗಾರವಾಗಬೇಕು. ಈ ಕಥೆಯಲ್ಲಿ ಮುದುಕ ಎಲ್ಲಿಗೂ ಹೋಗಲಿಲ್ಲ. ಮುದುಕಿ ಹಾಡು ಕೇಳಲು ಹೋಗುತ್ತಿದ್ದಳು. ಹೊಳೆಯಲ್ಲಿ ಏನೂ ತೇಲಿಬರಲಿಲ್ಲ.

ಊರು ಇಸೊನಾಮಿ. ಮುದುಕ ಹತಾನೊ ಸೇಜಿ, ಪಟ್ಟಣ ಕಚೇರಿಯ ನೀರು ವಿಭಾಗದ ಉಪಮುಖ್ಯಸ್ಥನಾಗಿದ್ದು ನಿವೃತ್ತನಾದವನು. ಅವನ ಕಾಲದಲ್ಲಿ ಮುಖ್ಯಸ್ಥರು ಬಂದರು, ಹೋದರು, ಒಬ್ಬರು ಕುರ್ಚಿಯಲ್ಲೇ ಸತ್ತರು. ಹತಾನೊ ಮಾತ್ರ ಧ್ರುವನಕ್ಷತ್ರದಂತೆ ಉಪಮುಖ್ಯಸ್ಥನಾಗಿಯೇ ಉಳಿದ. ಅಂಥವನಿಗೆ ಬದುಕಲ್ಲಿ ಎಲ್ಲಾದರೂ ಒಂದಿಷ್ಟು ಎತ್ತರ ಬೇಕಲ್ಲ? ಅದನ್ನವನು ಪಶ್ಚಿಮದ ಶಾಸ್ತ್ರೀಯ ಸಂಗೀತದಲ್ಲಿ ಕಂಡುಕೊಂಡಿದ್ದ. ಸಂಜೆಯಾದರೆ ಮೂರನೇ ಮನೆಗೂ ಕೇಳುವ ಹಾಗೆ ಜರ್ಮನ್ ಸಿಂಫನಿ ಹಚ್ಚಿ, ತಾನು ಎರಡನೇ ಭಾಗ ಶುರುವಾಗುವ ಮೊದಲೇ ಗೊರಕೆ ಹೊಡೆಯುತ್ತಿದ್ದ. ಎಚ್ಚರವಾದಾಗ, ‘ನಮ್ಮ ಮನೇಲಿ ಆ ಅಳುಮುಂಜಿ ಸಿನಿಮಾ ಹಾಡು, ಬಂದರು-ಮಂಜು-ಕಣ್ಣೀರು ಇವೆಲ್ಲ ನಡೆಯೋದಿಲ್ಲ’ ಎಂದು ಬೇಲಿಯಾಚೆಯವರಿಗೆ ಹೇಳುತ್ತಿದ್ದ.

ಅವನ ಹೆಂಡತಿ ಮಿತ್ಸುಯೊ. ಆ ಹೆಸರು ಮನೆಯ ಬಾಗಿಲ ಫಲಕದಲ್ಲಿತ್ತು, ಗಂಡನ ಬಾಯಲ್ಲಿರಲಿಲ್ಲ. ಅವನು ಕರೆಯುತ್ತಿದ್ದದ್ದು ‘ಓಯ್’. ಗಿಡ್ಡ ಓಯ್ ಎಂದರೆ ಚಹಾ, ಓ...ಯ್ ಎಂದು ಎಳೆದರೆ ಸ್ನಾನದ ನೀರು. ಕಡಿದು ಹೇಳಿದರೆ ಕನ್ನಡಕ ಕಾಣುತ್ತಿಲ್ಲ ಎಂದು. ಪ್ರತಿ ಓಯ್‌ಗೂ ಅಡುಗೆಮನೆಯಿಂದ ‘ಹಾಂ, ಬಂದೆ’ ಎಂಬ ಉತ್ತರ ತಪ್ಪದೆ ಬರುತ್ತಿತ್ತು. ನಲ್ಲಿ ತಿರುಗಿಸಿದರೆ ನೀರು ಬಂದ ಹಾಗೆ. ನೀರು ವಿಭಾಗದವನಿಗೆ ಅದರಲ್ಲಿ ಆಶ್ಚರ್ಯವೇನೂ ಕಂಡಿರಲಿಲ್ಲ.

ಈ ಮಿತ್ಸುಯೊ ಮದುವೆಗೂ ಮುಂಚಿನಿಂದ ಗಾಯಕ ಶಿರಾನೆ ರೆಂತಾರೊನ ಅಭಿಮಾನಿ. ಬಿಳಿ ಸೂಟು, ಎದೆಯಲ್ಲಿ ಕೆಂಪು ಗುಲಾಬಿ, ಅಳುವಿಗೂ ನಗುವಿಗೂ ನಡುವೆ ಸಿಕ್ಕಿಕೊಂಡ ಕಂಠ. ಅವನ ‘ಕೊನೆಯ ದೋಣಿಗೆ ದೀಪ’ ಎಂಬ ಹಾಡು ಸಮುದ್ರ ದಾಟಿ ತೈವಾನಿಗೆ, ಹಾಂಗ್‌ಕಾಂಗಿಗೆ, ಬ್ಯಾಂಕಾಕಿಗೆ, ಸೈಗಾನಿಗೆ ಹೋಗಿ, ಹೋದಲ್ಲೆಲ್ಲ ಅಲ್ಲಿಯ ಮಾತಿನ ಬಟ್ಟೆ ತೊಟ್ಟು, ಅಲ್ಲಿಯ ಮದುವೆಮನೆಗಳಲ್ಲಿ ಅಲ್ಲಿಯದೇ ಮಗಳಾಗಿ ಕೂತುಬಿಟ್ಟಿತ್ತು. ಹಾಡಿನ ನಡುವೆ, ‘ನಿಲ್ಲು’ ಎಂಬ ಸಾಲು ಮುಗಿದು ಸ್ಯಾಕ್ಸಫೋನು ಶುರುವಾಗುವ ಮುನ್ನ ಒಂದುಸಿರಿನಷ್ಟು ಮೌನವಿದೆ. ಆ ಮೌನದಲ್ಲಿ ಅಭಿಮಾನಿಗಳು ಅವನ ಹೆಸರು ಕೂಗಬೇಕು. ರೆಂತಾರೊ ಎಂದು ಕೂಗುವವರು ಹೊಸಬರು. ಹಳಬರು ಕೂಗುವುದು ಅವನು ಬೆಸ್ತರ ಮನೆಯಲ್ಲಿ ಹುಟ್ಟಿದಾಗ ಅಪ್ಪ ಇಟ್ಟ ಹಳ್ಳಿ ಹೆಸರು: ತೊಮೆಕಿಚಿ. ಬೆನ್ನ ಮೇಲೆ ಗಾಯಕನ ಹೆಸರು ಬರೆದ ನೀಲಿ ನಿಲುವಂಗಿ ತೊಟ್ಟು ಮಿತ್ಸುಯೊ ವರ್ಷಕ್ಕೆರಡು ಸಲ ಹೋಗಿ ಕೂಗಿ ಬರುತ್ತಿದ್ದಳು. ಹತಾನೊ ಊರಿಗೆಲ್ಲ ಹೇಳಿದ್ದು, ‘ನಮ್ಮವಳು ನಗರಕ್ಕೆ ಹೂ ಜೋಡಿಸೋ ಕಲೆ ಕಲಿಯೋಕೆ ಹೋಗ್ತಾಳೆ’ ಎಂದು.

ಹೋದ ವಸಂತದಲ್ಲಿ ಅವಳು ಆಸ್ಪತ್ರೆಯ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಹತಾನೊ ಕಿತ್ತಳೆ ಸುಲಿಯುತ್ತ ಕೂತಿದ್ದಾಗ ಹೇಳಿದಳು: “ಶರತ್ಕಾಲಕ್ಕೆ ರೆಂತಾರೊ ಅವರ ವಿದಾಯದ ಸಂಗೀತ ಕಛೇರಿ ಇದೆ. ಟಿಕೇಟು ತಗೊಂಡಿದ್ದೀನಿ. ನನ್ನ ಬದಲು ಹೋಗಿ ಒಂದ್ಸಲ ಕೂಗಿ ಬನ್ನಿ.”

“ಏನಂತ?”

“ತೊಮೆಕಿಚಿ ಅಂತ.”

“ಹೂಂ.”

“ಹೂಂ ಅಲ್ಲ. ನಿಮ್ಮ ಹೂಂ ನನಗೆ ಗೊತ್ತು. ಚಾವಣಿ ಸೋರತ್ತೆ ಅಂದಾಗ್ಲೂ ಹೂಂ ಅಂದ್ರಿ. ಅದು ಈಗ್ಲೂ ಸೋರ್ತಿದೆ. ಮಾತು ಕೊಡಿ.”

ಹತಾನೊ ಮಾತು ಕೊಟ್ಟ. ಕಿತ್ತಳೆಯನ್ನು ತಾನೇ ತಿಂದ. ಮಳೆಗಾಲದ ಮೊದಲ ವಾರ ಅವಳು ಹೋದಳು.

ಕೊಟ್ಟ ಮಾತು ದೊಡ್ಡದೇನಲ್ಲ, ನಾಲ್ಕಕ್ಷರ. ಆದರೆ ಗಂಟಲು ಒಪ್ಪಬೇಕಲ್ಲ? ಒಂದು ಬೆಳಗ್ಗೆ ಬುದ್ಧನ ಗೂಡಿನ ಮುಂದೆ, ಹೆಂಡತಿಯ ಫೋಟೋ ಎದುರು ಕೂತು ಕೂಗಿ ನೋಡಿದ. ಬಾವಿಗೆ ಬಿದ್ದ ಕಪ್ಪೆ ಕ್ಷಮೆ ಕೇಳಿದ ಹಾಗೆ ಒಂದು ಸದ್ದು ಬಂತು. ಸಿಂಫನಿ ಕೇಳುವ ಮನೆಯಿಂದ ಇಂಥ ಸದ್ದು ಹೊರಡುವುದು ಸರಿಯಲ್ಲವೆಂದು ಅವನು ಸಂಜೆ ಬಂದರಿನ ಅಲೆತಡೆ ಗೋಡೆಗೆ ಹೋದ. ಅಲ್ಲಿ ಕಡಲಹಕ್ಕಿಗಳಲ್ಲದೆ ಯಾರೂ ಇರಲಿಲ್ಲ. ಎದೆ ತುಂಬ ಗಾಳಿ ಎಳೆದುಕೊಂಡು ಸಮುದ್ರದ ಕಡೆ ತಿರುಗಿ, “ತೊಮೆಕಿಚೀ!” ಎಂದ. ಮತ್ತೊಮ್ಮೆ, “ತೊಮೆ...ಕಿಚೀ!”

“ಯಾರು ಕಾಣೆಯಾದ್ರು ಹತಾನೋರೇ?”

ಕಾಂಕ್ರೀಟು ದಿಮ್ಮಿಗಳ ಸಂದಿಯಲ್ಲಿ ಗಾಳ ಹಾಕಿಕೊಂಡು ಕೂತಿದ್ದವನು ಕೇರಿ ಸಂಘದ ಅಧ್ಯಕ್ಷ ಉಶಿಜಿಮಾ. ಕೇರಿಯಲ್ಲಿ ಯಾರ ಮನೆಯ ಕಸ ಯಾವ ದಿನ ಹೊರಬಿತ್ತು ಎಂಬುದರಿಂದ ಹಿಡಿದು ಯಾರ ಮನೆಯ ಸೊಸೆ ಯಾಕೆ ಹೊರಬಿದ್ದಳು ಎಂಬುದರವರೆಗೆ ಅವನ ಆಡಳಿತ.

ನಿಜ ಹೇಳುವುದೆಂದರೆ ಏನು? ಹೆಂಡತಿ ಸತ್ತ ಸೂತಕದಲ್ಲಿ ಒಬ್ಬ ಅಳುಮುಂಜಿ ಗಾಯಕನ ಹೆಸರು ಕಿರುಚುವುದನ್ನು ರೂಢಿ ಮಾಡುತ್ತಿದ್ದೇನೆ ಎನ್ನುವುದೇ? ಹತಾನೊ ಗಂಟಲು ಸರಿಮಾಡಿಕೊಂಡ. “ಹೀಗೇ... ನಮ್ಮ ಕಡೆಯವರೊಬ್ಬರು.”

“ನಿಮ್ಮ ಕಡೆನೋ, ಅವರ ಕಡೆನೋ?”

“ಅವಳ ಕಡೆ.”

“ಅಯ್ಯೋ! ಶೋಕಕ್ಕೆ ಅಂತ ಬಂದು ದಾರಿ ತಪ್ಪಿದ್ರಾ? ವಯಸ್ಸೆಷ್ಟು?”

“ಎಪ್ಪತ್ತೆಂಟು.”

“ಮರೆವು ಉಂಟಾ?”

ಗಾಯಕ ಈಚೆಗೆ ಸಾಲುಗಳನ್ನು ಮರೆಯುತ್ತಾನೆ ಎಂದು ಹೆಂಡತಿ ಮರುಗಿದ್ದು ನೆನಪಾಗಿ, ಸುಳ್ಳು ಹೇಳಬಾರದೆಂಬ ಒಂದೇ ಪ್ರಾಮಾಣಿಕ ಕಾರಣಕ್ಕೆ ಹತಾನೊ, “ಉಂಟು” ಎಂದ.

“ಹಾಕ್ಕೊಂಡಿದ್ದ ಬಟ್ಟೆ?”

ಕಪಾಟಿನೊಳಗೆ ಹೆಂಡತಿ ಅಂಟಿಸಿದ್ದ ಭಿತ್ತಿಚಿತ್ರವೊಂದೇ ಅವನಿಗೆ ಗೊತ್ತಿದ್ದದ್ದು. “ಬಿಳಿ ಸೂಟು. ಎದೇಲಿ... ಕೆಂಪು ಗುಲಾಬಿ.”

“ಇಂಥ ಸೆಖೇಲಿ ಸೂಟಾ! ಮರೆವು ಜೋರೇ ಇರ್ಬೇಕು,” ಎಂದು ಉಶಿಜಿಮಾ ಗಾಳ ಅಲ್ಲೇ ಬಿಟ್ಟು ಓಡಿದ.

ಸ್ವಲ್ಪ ಹೊತ್ತಿಗೆ ಕಂಬದ ಮೇಲಿನ ಧ್ವನಿವರ್ಧಕಗಳು, ಭೂಕಂಪ ಸುನಾಮಿಗಳಿಗಾಗಿ ಮೀಸಲಾದ ಅದೇ ಗಂಭೀರ ಕಂಠದಲ್ಲಿ ಊರಿಗೆ ತಿಳಿಸಿದವು: “ನಾಗರಿಕರಲ್ಲಿ ವಿನಂತಿ. ತೊಮೆಕಿಚಿ ಎಂಬ ಎಪ್ಪತ್ತೆಂಟು ವರ್ಷದ ಹಿರಿಯರು ಕಾಣೆಯಾಗಿದ್ದಾರೆ. ಬಿಳಿ ಸೂಟು ಧರಿಸಿದ್ದಾರೆ. ಎದೆಯಲ್ಲಿ ಗುಲಾಬಿ ಇದೆ. ಕಂಡವರು ಮೃದುವಾಗಿ ಮಾತಾಡಿಸಿ.”

ಅದು ಶಿರಾನೆ ರೆಂತಾರೊನ ಸಾಕ್ಷಾತ್ ವರ್ಣನೆ ಎಂದು ಇಡೀ ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ದೇವರು ಕಾಣೆಯಾಗಿದ್ದಾನೆಂದು ಯಾರಿಗೂ ಹೊಳೆಯುವುದಿಲ್ಲ.

ಹುಡುಕಾಟ ಶುರುವಾಯಿತು. ಸ್ವಯಂಸೇವಕ ಅಗ್ನಿಶಾಮಕರು ಕೊಕ್ಕೆಗೋಲು ತಂದರು. ಹೆಂಗಸರ ಸಂಘ ಅನ್ನದ ಉಂಡೆ ಕಟ್ಟಿತು. ಮೀನು ಕಾರ್ಖಾನೆಯಲ್ಲಿ ದುಡಿಯಲು ಬಂದ ವಿಯೆಟ್ನಾಮಿನ ಹುಡುಗಿಯರು ಪಾಳಿ ಮುಗಿಸಿ, ಮೀನಿನ ವಾಸನೆಯ ಸಮೇತ ಸೇರಿಕೊಂಡರು. ಎಲ್ಲರ ಮುಂದೆ ಹತಾನೊ.

“ನೀವೇ ಕೂಗ್ಬೇಕು ಹತಾನೋರೇ, ಪರಿಚಯದ ದನಿಗೆ ಓಗೊಡ್ತಾರೆ.”

“ತೊಮೆಕಿಚಿ...”

“ಇದೇನ್ರೀ, ಕಚೇರೀಲಿ ಕಡತ ಕೇಳ್ದಂಗೆ! ಹೊಟ್ಟೆಯಿಂದ ಬರ್ಲಿ!”

“ತೊಮೆಕಿಚೀ!”

“ಹಾಂ, ಈಗ ಚೂರು ಬಂತು. ಕೊನೇಲಿ ಎಳೀರಿ!”

ಹೀಗೆ ಊರಿಗೆ ಊರೇ ಗುರುವಾಗಿ ನಿಂತು ಹತಾನೊನ ಕಂಠ ತಿದ್ದಿತು. ಯಾವ ಸಂಗೀತಶಾಲೆಯಲ್ಲೂ ಶಿಷ್ಯನೊಬ್ಬನಿಗೆ ಇಷ್ಟು ಜನ ಮೇಷ್ಟ್ರು ಸಿಕ್ಕಿರಲಾರರು.

ಕತ್ತಲಾಗುವ ಮೊದಲು ಬಸ್ ತಂಗುದಾಣದಲ್ಲಿ ಒಬ್ಬ ಮುದುಕ ಸಿಕ್ಕಿದ. ಮೈಮೇಲೆ ಬಿಳಿ ಅಡುಗೆ ಅಂಗಿ. ಎದೆಯ ಮೇಲೆ, ಗುಲಾಬಿ ಇರಬೇಕಾದ ಜಾಗದಲ್ಲಿ, ಉಪ್ಪಿನಕಾಯಿಯ ಕೆಂಪು ಕಲೆ.

“ತೊಮೆಕಿಚಿಯೋರಾ?” ಉಶಿಜಿಮಾ ಆದಷ್ಟು ಮೃದುವಾಗಿ ಕೇಳಿದ.

ಮುದುಕ ಸುತ್ತ ನೋಡಿದ. ಇಷ್ಟೊಂದು ಬೆವೆತ ಮುಖಗಳು, ಇಷ್ಟೊಂದು ಆಸೆ. ಅವನ ಕಾಲದವರಿಗೆ ಜನರನ್ನು ನಿರಾಸೆಗೊಳಿಸುವುದು ಗೊತ್ತಿಲ್ಲ. “ಹೌದು,” ಎಂದು ಎದ್ದು ಬಾಗಿದ. “ತಡವಾಯ್ತು. ಕ್ಷಮಿಸಬೇಕು.”

ಚಪ್ಪಾಳೆ. ಹೆಂಗಸರು ಕಣ್ಣೊರೆಸಿಕೊಂಡರು. ಹತಾನೊ? ಅವನೂ ಬಾಗಿದ: ಅಗ್ನಿಶಾಮಕರಿಗೆ, ಹೆಂಗಸರಿಗೆ, ಹುಡುಗಿಯರಿಗೆ, ಕೊನೆಗೆ ಆ ಮುದುಕನಿಗೂ. ಆಮೇಲೆ ಯಾರೆಂದೇ ಗೊತ್ತಿಲ್ಲದ ಅವನನ್ನು ಮೆರವಣಿಗೆಯಲ್ಲಿ ಮನೆಗೆ ಕರೆತಂದ.

ಮನೆಯಲ್ಲಿ ಮುದುಕ ಚಪ್ಪಲಿ ಕಳಚಿ, ನೇರ ಬುದ್ಧನ ಗೂಡಿನ ಮುಂದೆ ಹೋಗಿ, ಊದುಬತ್ತಿ ಹಚ್ಚಿ, ಮಿತ್ಸುಯೊಳ ಫೋಟೋ ನೋಡುತ್ತ ಗಳಗಳ ಅತ್ತ. ಯಾರಿಗಾಗಿ ಅತ್ತನೋ ಅವನಿಗೂ ತಿಳಿದಿರಲಿಕ್ಕಿಲ್ಲ. ಆ ಮನೆಯಲ್ಲಿ ಹಾಗೆ ಅತ್ತವನು ಅವನೇ ಮೊದಲು. ಅತ್ತು ಮುಗಿದ ಮೇಲೆ ‘ಕೊನೆಯ ದೋಣಿಗೆ ದೀಪ’ವನ್ನು ಗುನುಗತೊಡಗಿದ. ಬಾಗಿಲಲ್ಲಿ ನಿಂತಿದ್ದ ವಿಯೆಟ್ನಾಮಿನ ಹುಡುಗಿಯರು ತಮ್ಮ ಮಾತಿನಲ್ಲಿ ದನಿಗೂಡಿಸಿದರು.

“ನಿಮಗೆ ಹೇಗೆ ಗೊತ್ತು ಈ ಹಾಡು?” ಎಂದ ಉಶಿಜಿಮಾ.

“ನಮ್ಮೂರ ಹಾಡಲ್ವಾ ಸಾರ್! ನಮ್ಮಜ್ಜಿ ತೊಟ್ಟಿಲು ತೂಗ್ತಾ ಹೇಳೋರು. ನಿಮಗೆ ಹೇಗೆ ಗೊತ್ತು?”

“ಏ, ಇದು ನಮ್ದು ಕಣಮ್ಮ!”

“ಇರ್ಲಿ ಬಿಡಿ ಸಾರ್, ನೀವೂ ಹಾಡ್ಕೊಳ್ಳಿ.”

ಆ ಹೊತ್ತಿಗೆ ಸರಿಯಾಗಿ ಮಿತ್ಸುಯೊಳ ಅಕ್ಕ ಫುಸಾ ನಲವತ್ತೊಂಬತ್ತನೆಯ ದಿನದ ಕರ್ಮದ ಏರ್ಪಾಡು ಮಾತಾಡಲೆಂದು ಬಂದಳು. ತಂಗಿಯ ಫೋಟೋ ಮುಂದೆ ಪರಗಂಡಸೊಬ್ಬ ಕಣ್ಣು ಕೆಂಪಗೆ ಮಾಡಿಕೊಂಡು ಪ್ರೇಮಗೀತೆ ಹಾಡುತ್ತಿದ್ದ.

“ಯಾರು ಇವನು?”

“ತೊಮೆಕಿಚಿ! ನಿಮ್ಮ ಕಡೆಯೋರೇ ಅಲ್ವಾ?” ಎಂದ ಉಶಿಜಿಮಾ.

“ನಮ್ಮ ಕಡೆ ತೊಮೆಕಿಚಿ ಅನ್ನೋ ಹೆಸರಿನ ನಾಯೀನೂ ಇಲ್ಲ.”

ಅನ್ನದ ಉಂಡೆ ಹಿಡಿದ ಕೈಗಳು ಗಾಳಿಯಲ್ಲೇ ನಿಂತವು. ಫುಸಾ ಮುದುಕನನ್ನು ನೋಡಿದಳು, ಫೋಟೋವನ್ನು ನೋಡಿದಳು, ಮೂಲೆಯಲ್ಲಿ ಕುಗ್ಗಿ ನಿಂತ ತಂಗಿಯ ಗಂಡನನ್ನು ನೋಡಿದಳು.

“ಓಹೋ,” ಎಂದಳು ನಿಧಾನಕ್ಕೆ. “ಹೂ ಜೋಡಿಸೋಕೆ ಹೋಗ್ತಾಳೆ, ಹೂ ಜೋಡಿಸೋಕೆ ಹೋಗ್ತಾಳೆ ಅಂತ ಇಷ್ಟು ವರ್ಷ ಕೇಳ್ದೆ. ಈ ಮನೇಲಿ ಒಂದು ಹೂದಾನಿ ತೋರ್ಸಿ ನೋಡೋಣ! ನನಗೆ ಆಗ್ಲೇ ಅನ್ನಿಸಿತ್ತು. ಹತಾನೋರೇ, ನಿಮಗೆ ಗೊತ್ತಿತ್ತಾ?”

ಈಗ ಹತಾನೊ ಬಾಯಿ ಬಿಡಬೇಕಿತ್ತು. ಒಂದೇ ಮಾತು ಸಾಕಿತ್ತು: ತೊಮೆಕಿಚಿ ಒಬ್ಬ ಹಾಡುಗಾರ, ನನ್ನ ಹೆಂಡತಿ ಅವನ ಹಾಡು ಕೇಳಲು ಹೋಗುತ್ತಿದ್ದಳು, ನನಗೆ ಅದನ್ನು ಹೇಳಲು ನಾಚಿಕೆಯಾಗುತ್ತಿತ್ತು. ಅವನು ತೂಗಿ ನೋಡಿದ. ಪ್ರಿಯಕರನಿದ್ದ ಹೆಂಡತಿ ಎಂದರೆ ಅದೊಂದು ದುರಂತ. ಹೊಳೆಯುವ ಸೂಟಿನವನಿಗಾಗಿ ಕಿರುಚುವ ಹೆಂಡತಿ ಎಂದರೆ ನಗೆಪಾಟಲು. ದುರಂತಕ್ಕಾದರೆ ಸಿಂಫನಿಯಲ್ಲಿ ಜಾಗವುಂಟು. ಅವನು ಕಣ್ಣು ತಗ್ಗಿಸಿ, “ಹೂಂ” ಎಂದ.

“ಗೊತ್ತಿದ್ದೂ ಅವನನ್ನ ಹುಡುಕ್ಸಿದ್ರಿ!” ಎಂದ ಉಶಿಜಿಮಾ. “ಎಂಥಾ ಮನುಷ್ಯ ನೀವು ಹತಾನೋರೇ!”

ಅಷ್ಟರಲ್ಲಿ ಪೊಲೀಸಿನವನು ಪಕ್ಕದೂರಿನ ಹೆಂಗಸೊಬ್ಬಳನ್ನು ಕರೆತಂದ. “ಮಾವ, ಮತ್ತೆ ಓಡ್ಬಂದ್ರಾ!” ಎಂದು ಅವಳು ಮುದುಕನ ಕೈ ಹಿಡಿದಳು. ಆತ ನೂಡಲ್ಸ್ ಅಂಗಡಿಯ ಇವಾಸೆ. ಹೋಗುವಾಗಲೂ ಎಲ್ಲರಿಗೂ ಬಾಗಿ, “ತಡವಾಯ್ತು” ಎಂದೇ ಹೇಳಿದ. ಅಲ್ಲಿಗೆ ನಿಜವಾದ ತೊಮೆಕಿಚಿ ಇನ್ನೂ ಹೊರಗಿದ್ದಾನೆಂದು ಊರು ತೀರ್ಮಾನಿಸಿತು.

ಹತಾನೊನ ಬದುಕಿನಲ್ಲಿ ಮೊದಲ ಸಲ ಅವನಿಗೆ ಬಡ್ತಿ ಸಿಕ್ಕಿತು. ಮೀನಂಗಡಿಯವನು ಒಳ್ಳೆಯ ತುಂಡು ತೆಗೆದಿಟ್ಟ. ಗಂಡಸರು ಅವನ ಬಟ್ಟಲಿಗೆ ಸಾಕೆ ಮದ್ಯ ಬಗ್ಗಿಸಿ ಬೆನ್ನು ಸವರಿದರು. ಉಶಿಜಿಮಾ ಸ್ವತಃ ಪೆಟ್ಟಿಗೆಯಲ್ಲಿಟ್ಟ ಕರಬೂಜ ತಂದುಕೊಟ್ಟ. ಆ ಊರಿನಲ್ಲಿ ಅಂಥ ದುಬಾರಿ ಕರಬೂಜ ಉಡುಗೊರೆ ಸಿಗಬೇಕಾದರೆ ಕಾಲಾದರೂ ಮುರಿದು ಆಸ್ಪತ್ರೆ ಸೇರಬೇಕು. ಹತಾನೊ ಎಲ್ಲವನ್ನೂ ತಲೆ ತಗ್ಗಿಸಿ ಸ್ವೀಕರಿಸಿದ. ತಲೆ ತಗ್ಗಿಸಿದಷ್ಟೂ ಅವನ ಎತ್ತರ ಹೆಚ್ಚಿತು. ಮಿತ್ಸುಯೊಳ ಹೆಸರು ಮಾತ್ರ ಸ್ನಾನದ ಮನೆಗಳಲ್ಲಿ, ಕಸ ಹಾಕುವ ಮೂಲೆಗಳಲ್ಲಿ ಬಾಯಿಂದ ಬಾಯಿಗೆ ತೊಳೆದಷ್ಟೂ ಕೊಳೆಯಾಯಿತು. ಗಂಡ ಒಮ್ಮೆಯೂ ಕರೆಯದ ಹೆಸರನ್ನು ಈಗ ಊರೆಲ್ಲ ಕರೆಯುತ್ತಿತ್ತು. ನಲವತ್ತೊಂಬತ್ತನೆಯ ದಿನ ಫುಸಾ ಊಟಕ್ಕೆ ಕೂರಲಿಲ್ಲ. ತಂಗಿಯ ಫೋಟೋವನ್ನು ಗೋಡೆಗೆ ಮುಖ ಮಾಡಿಟ್ಟು ಹೊರಟುಹೋದಳು. ಹತಾನೊ ಅದನ್ನು ತಿರುಗಿಸಿ ಇಡಬೇಕೆಂದುಕೊಂಡ. ಚಾವಣಿಯನ್ನೂ ಸರಿಮಾಡಿಸಬೇಕೆಂದುಕೊಂಡ.

ಶರತ್ಕಾಲ ಬಂತು. ಕಛೇರಿಯ ದಿನ ಬೆಳಗ್ಗೆಯಿಂದ ಚಳಿಮಳೆ. ಹತಾನೊನ ಏರ್ಪಾಡು ಪಕ್ಕಾ ಇತ್ತು: ಕಪ್ಪು ಕೋಟು ತೊಟ್ಟು ಸಿಂಫನಿಗೆ ಹೊರಟವನ ಹಾಗೆ ಹೋಗುವುದು, ಕತ್ತಲ ಸಭಾಂಗಣದಲ್ಲಿ ಒಮ್ಮೆ ಕೂಗುವುದು, ಬರುವುದು. ರೈಲಿಗೆ ಹೊತ್ತಾಯಿತು.

“ಓಯ್!” ಎಂದ. “ಕೋಟು ಎಲ್ಲಿ?”

ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

ಕೋಟು ಲಾಂಡ್ರಿಯಲ್ಲಿತ್ತು. ಹೆಂಡತಿ ವಸಂತದಲ್ಲಿ ಹಾಕಿದ್ದು. ತರುವವರಿಲ್ಲದೆ ಅಲ್ಲೇ ಇತ್ತು. ಯಾವ ಲಾಂಡ್ರಿ ಎಂದು ಅವನಿಗೆ ಗೊತ್ತಿರಲಿಲ್ಲ. ಉಣ್ಣೆಯ ಅಂಗಿಗಳು ಯಾವ ಪೆಟ್ಟಿಗೆಯಲ್ಲಿವೆ ಎಂದೂ ಗೊತ್ತಿರಲಿಲ್ಲ. ತೆರೆದ ಒಂದೇ ಕಪಾಟಿನಲ್ಲಿ ತೂಗುತ್ತಿದ್ದದ್ದು ಹತ್ತಿ ತುಂಬಿದ ನೀಲಿ ನಿಲುವಂಗಿ, ಬೆನ್ನ ಮೇಲೆ ಮೊಳದುದ್ದದ ಬಂಗಾರದ ಅಕ್ಷರ: ‘ಶಿರಾನೆ ರೆಂತಾರೊ’, ಅದರ ಕೆಳಗೆ ಕೈಯಲ್ಲಿ ಹೊಲಿದ ‘ನಮ್ಮ ತೊಮೆಕಿಚಿ’. ಲೋಕದಲ್ಲಿ ಸತ್ಯ ಹೊರಬೀಳುವುದು ಆತ್ಮಸಾಕ್ಷಿಯಿಂದ ಎನ್ನುತ್ತಾರೆ. ಇಲ್ಲಿ ಚಳಿಯಿಂದ ಹೊರಬಿತ್ತು. ಹತಾನೊ ಅದನ್ನು ತೊಟ್ಟು ಬೀದಿಗಿಳಿದ.

ನಿಲ್ದಾಣದ ಮುಂದಿನ ಸೂರಿನಡಿ ಉಶಿಜಿಮಾ ಒದ್ದೆ ಎಲೆ ಗುಡಿಸುತ್ತಿದ್ದ. ಕರ್ಮಧರ್ಮಸಂಯೋಗ, ಅವನು ಹತ್ತಬೇಕಾದ ರೈಲಿನಿಂದಲೇ ಫುಸಾ ಇಳಿದಳು. ಇಬ್ಬರೂ ಮೊದಲು ಅವನ ಮುಖ ನೋಡಿದರು. ಆಮೇಲೆ ಬೆನ್ನು ಓದಿದರು.

“ತೊಮೆಕಿಚಿ ಅಂದ್ರೆ... ಆ ಹಾಡೋನಾ?” ಎಂದ ಉಶಿಜಿಮಾ. “ಟೀವೀಲಿ ಬರೋನು? ಬಿಳಿ ಸೂಟು... ಗುಲಾಬಿ...” ಅವನ ಪೊರಕೆ ನಿಂತಿತು. “ನಾವು ಅವನಿಗೋಸ್ಕರ ಚರಂಡಿಗೆಲ್ಲ ಕೊಕ್ಕೆ ಹಾಕಿ ಹುಡುಕಿದ್ವಾ?”

“ಅವಳು... ಹಾಡು ಕೇಳೋಕೆ ಹೋಗ್ತಿದ್ಲು. ಅಷ್ಟೇ,” ಎಂದ ಹತಾನೊ.

“ಅಷ್ಟೇನಾ?” ಫುಸಾಳ ಮುಖದಲ್ಲಿ ತಂಗಿ ನಿರ್ದೋಷಿಯೆಂಬ ಸಂತೋಷ ಹುಡುಕಿದರೂ ಸಿಗಲಿಲ್ಲ. “ಅಯ್ಯೋ ಹತಾನೋರೇ, ನಾನು ಎಲ್ಲರಿಗೂ ಹೇಳ್ಬಿಟ್ಟಿದ್ದೀನಲ್ಲ! ಈಗ ಮನೆಮನೆಗೂ ಹೋಗಿ ಏನಂತ ಹೇಳ್ಲಿ? ನನ್ನ ಮುಖ ಎಲ್ಲಿಡ್ಲಿ?”

“ನನ್ನ ಕರಬೂಜ!” ಎಂದ ಉಶಿಜಿಮಾ. “ನನ್ನ ಕರಬೂಜ ತಿಂದ್ರಲ್ರೀ!”

ಹಾದರವನ್ನು ತಿಂಗಳುಗಟ್ಟಲೆ ಸಹಿಸಿದ ಊರಿಗೆ ಹಾಡನ್ನು ಸಹಿಸಲಾಗಲಿಲ್ಲ. ರೈಲು ಕದಲುವಾಗಲೂ ಉಶಿಜಿಮಾ ಪೊರಕೆ ಎತ್ತಿ ಏನೋ ಕೂಗುತ್ತಿದ್ದ.

ನಗರದ ಸಭಾಂಗಣದಲ್ಲಿ ನೀಲಿ ನಿಲುವಂಗಿಗಳ ಸಮುದ್ರ. ಬ್ಯಾಂಕಾಕಿನಿಂದ ಬಂದವರು, ಹಾಂಗ್‌ಕಾಂಗಿನಿಂದ ಬಂದವರು, ಎಲ್ಲರೂ ಅಜ್ಜಿಯರು, ಎಲ್ಲರ ಕೈಯಲ್ಲೂ ಬೆಳಕಿನ ಕಡ್ಡಿ. ಹೆಂಡತಿ ಬಿಟ್ಟುಹೋದ ಲಕೋಟೆಯಲ್ಲಿದ್ದದ್ದು ಎರಡು ಟಿಕೇಟು, ಜೋಡಿ ಆಸನ. ಯಾಕೆ ಎರಡೆಂದು ಯೋಚಿಸದೆ ಹತಾನೊ ಒಂದರಲ್ಲಿ ಕೂತ. ಆಚೆ ಬದಿಯ ದಪ್ಪ ಕನ್ನಡಕದ ಹೆಂಗಸು ಅವನ ನಿಲುವಂಗಿಯ ಹೊಲಿಗೆ ನೋಡಿ, ಆಮೇಲೆ ಅವನನ್ನು ನೋಡಿದಳು. ತೈವಾನಿನ ಲಿಯಾವ್ ಎಂಬವಳು. ವರ್ಷವರ್ಷ ಬಂದು ಮಾತು ಕಲಿತವಳು.

“ಮಿತ್ಸುಯೊ ಎಲ್ಲಿ?”

“ಮಳೆಗಾಲದಲ್ಲಿ... ಹೋದಳು.”

ಲಿಯಾವ್ ಬಹಳ ಹೊತ್ತು ಕೈಯ ಕಡ್ಡಿಯನ್ನು ಹಚ್ಚಿ ಆರಿಸಿ ಮಾಡಿದಳು. “ಅವಳ ಜೊತೆ ಆ ದೋಣಿ ಹಾಡಿಗೆ ಜಗಳ ಆಡಿದ್ದೆ ಗೊತ್ತಾ? ನನ್ನ ಮದುವೇಲಿ ನಮ್ಮ ಮಾತಲ್ಲಿ ಹಾಡಿದ್ರು. ನಮ್ಮೂರೋನೇ ಬರೆದದ್ದು ಅಂತ ನಾನು. ಅಲ್ಲ ಅಂತ ಅವಳು. ಮಧ್ಯೆ ಅವಳ ಕೈಚೀಲ. ಯಾವಾಗ್ಲೂ ಎರಡು ಸೀಟು ತಗೊಂಡು, ಒಂದರಲ್ಲಿ ಚೀಲ ಇಡ್ತಿದ್ಲು. ಯಾರಿಗೆ ಅಂತ ಕೇಳಿದ್ರೆ, ನಮ್ಮ ಯಜಮಾನ್ರು ಬರ್ತಿದ್ದಾರೆ, ದಾರೀಲಿದ್ದಾರೆ ಅನ್ನೋಳು.” ಕನ್ನಡಕದ ಮೇಲಿಂದ ನೋಡಿದಳು. “ನೀವೇನಾ? ಭಾಳ ನಿಧಾನದ ಬಸ್ಸು ಹತ್ತಿದ್ರಿ ಕಣ್ರೀ.”

ಹತಾನೊ ಚೀಲದ ಜಾಗದಲ್ಲಿ ಕೂತಿದ್ದ. ಇನ್ನೊಂದು ಆಸನ ಖಾಲಿ ಇತ್ತು.

ದೀಪ ಆರಿತು. ಬಿಳಿ ಸೂಟಿನೊಳಗೆ ಒಬ್ಬ ಮುದುಕ ಬಂದ. ಕಂಠ ಒಡೆದಿತ್ತು, ಸಾಲುಗಳು ತಪ್ಪುತ್ತಿದ್ದವು. ತಪ್ಪಿದಲ್ಲೆಲ್ಲ ಸಭಾಂಗಣ ಐದಾರು ಭಾಷೆಗಳಲ್ಲಿ ಎತ್ತಿಕೊಡುತ್ತಿತ್ತು. ಕೊನೆಗೆ ಆ ಹಾಡು. ಮೊದಲ ಚರಣ ಮುಗಿಯಿತು. ‘ನಿಲ್ಲು’ ಎಂಬ ಸಾಲು ಬಂತು. ಮೌನ ಬಂತು. ಸಾವಿರ ಕಂಠ “ತೊಮೆಕಿಚೀ!” ಎಂದವು.

ಹತಾನೊ ಎದ್ದು ನಿಂತಿದ್ದ. ಸದ್ದೆಲ್ಲ ಅಡಗಿದ ಮೇಲೆ, ಎಂದಿನಂತೆ ಒಂದು ಹೆಜ್ಜೆ ತಡವಾಗಿ, ಅವನ ಬಾಯಿ ತೆರೆಯಿತು. ಆ ಸಂಜೆ ಊರು ಕಲಿಸಿದ್ದು ಬರಲಿಲ್ಲ. ಬದುಕೆಲ್ಲ ರೂಢಿಯಾದದ್ದು ಬಂತು.

“ಓಯ್!”

ಮುಂದಿನ ಸಾಲಿನವರು ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು. ಲಿಯಾವ್ ಅವನ ತೋಳು ಎಳೆದಳು. ಹತಾನೊ ಕೂರಲಿಲ್ಲ. ಕಿವಿಗೊಟ್ಟು ಕಾದ. ಉತ್ತರ ಬರುವವರೆಗೆ ಕಾದು ನಿಲ್ಲುವುದು ಅವನಿಗೆ ಹೊಸತು, ಹಿಂದೆಂದೂ ಕಾಯಬೇಕಾಗಿರಲಿಲ್ಲ. ಸ್ಯಾಕ್ಸಫೋನು ಮುಗಿಯಿತು. ಎರಡನೇ ಚರಣ ಶುರುವಾಗಿ ಅದೂ ಮುಗಿಯಿತು. ‘ಹಾಂ, ಬಂದೆ’ ಎಂಬ ಉತ್ತರ ಎಲ್ಲಿಂದಲೂ ಬರಲಿಲ್ಲ.

‘ನಿಲ್ಲು’ ಎಂಬ ಸಾಲು ಮತ್ತೆ ಬಂತು. ಅವನು ನಿಂತೇ ಇದ್ದ. ಈ ಸಲ ತಡವಾಗಲಿಲ್ಲ. ಹೊಟ್ಟೆಯಿಂದ ಎತ್ತಿ, ಕೊನೆಯಲ್ಲಿ ಎಳೆದು, “ತೊಮೆಕಿಚೀ!” ಎಂದು ಕೂಗಿದ. ಸಾವಿರ ದನಿಗಳ ನಡುವೆ ಅದು ಯಾರಿಗೂ ಕೇಳಿಸಲಿಲ್ಲ.